ಸೀಮಿಯನ್: ಪ್ರಪಾತದ ಅಂಚಿನಲ್ಲಿ ಉಳಿದ ಲೋಕ

ಆಫ್ರಿಕಾದ ಪರ್ವತವೆಂದೊಡನೆ ಕನ್ನಡದ ಓದುಗರ ಕಣ್ಣ ಮುಂದೆ ನಿಲ್ಲುವುದು ಸಾಮಾನ್ಯವಾಗಿ ಕಿಲಿಮಂಜಾರೊ, ಅಂದರೆ ಬಯಲಿನ ನಡುವೆ ಒಂಟಿಯಾಗಿ ಎದ್ದು ನೆತ್ತಿಯ ಮೇಲೆ ಹಿಮ ಹೊತ್ತು ನಿಂತ ಶಿಖರ. ಇಥಿಯೋಪಿಯಾದ ಉತ್ತರ ಭಾಗದ ಸೀಮಿಯನ್ ಪರ್ವತಶ್ರೇಣಿಗೆ ಈ ಚಿತ್ರ ಒಪ್ಪುವುದಿಲ್ಲ. ಇಲ್ಲಿ ಬೆಟ್ಟ ಹತ್ತಿದವರು ತಲುಪುವುದು ತುದಿಯೊಂದನ್ನಲ್ಲ, ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗೂ ಮೇಲೆ ಹಾಸಿಕೊಂಡಿರುವ ಉಬ್ಬುತಗ್ಗಿನ ಹುಲ್ಲುಗಾವಲನ್ನು. ಆ ಹುಲ್ಲುಗಾವಲು ಉತ್ತರಕ್ಕೆ ಸಾಗುತ್ತ ಸಾಗುತ್ತ ಒಂದು ಕಡೆ ಥಟ್ಟನೆ ಮುಗಿದುಹೋಗುತ್ತದೆ, ಮುಗಿದಲ್ಲಿಂದ ಕೆಳಗೆ ಕೆಲವೆಡೆ 1,500 ಮೀಟರ್ ಆಳದವರೆಗೂ ಬಂಡೆಯ ಗೋಡೆ ಇಳಿದಿರುತ್ತದೆ. ‘ಸೆಮೆನ್’ ಎಂದರೆ ಅಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ ಉತ್ತರ ದಿಕ್ಕು. ಯುನೆಸ್ಕೋ ಸಂಸ್ಥೆ 1978ರಲ್ಲಿ ವಿಶ್ವ ಪರಂಪರೆಯ ತಾಣಗಳ ಮೊತ್ತಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿದ್ದ ಹನ್ನೆರಡು ಹೆಸರುಗಳಲ್ಲಿ ಸೀಮಿಯನ್ ರಾಷ್ಟ್ರೀಯ ಉದ್ಯಾನವೂ ಒಂದಾಗಿತ್ತು. ಅಮೆರಿಕದ ಯೆಲ್ಲೋಸ್ಟೋನ್ ಮತ್ತು ಈಕ್ವೆಡಾರಿನ ಗಲಾಪಗಸ್ ದ್ವೀಪಗಳ ಸಾಲಿನಲ್ಲಿ ಈ ಹೆಸರನ್ನು ಕೂರಿಸಿದ್ದು ಅದರ ಎತ್ತರವಲ್ಲ, ಅದರ ಅಂಚು. ಇಲ್ಲಿ ಉಳಿದುಕೊಂಡಿರುವ ಅಪರೂಪದ ಪ್ರಾಣಿಗಳು ಈ ಅಂಚನ್ನು ನೆಚ್ಚಿಯೇ ಉಳಿದಿವೆ. ಇಲ್ಲಿ ನಡೆದಿರುವ ಜಗಳಗಳೆಲ್ಲ ಅಂಚಿನ ಮೇಲಿನ ಸಮತಟ್ಟು ನೆಲ ಯಾರದು ಎಂಬುದಕ್ಕಾಗಿಯೇ ನಡೆದಿವೆ.

ಈ ಭೂರಚನೆಯ ಹಿನ್ನೆಲೆ ಕರ್ನಾಟಕದ ಉತ್ತರ ಜಿಲ್ಲೆಗಳವರಿಗೆ ಅಷ್ಟೇನೂ ಅಪರಿಚಿತವಲ್ಲ. ಬೀದರ್, ಕಲಬುರಗಿ, ವಿಜಯಪುರದ ಕರಿಮಣ್ಣಿಗೆ ಮೂಲವಾದ ದಖ್ಖನ್ನಿನ ಕಪ್ಪು ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸದಿಂದ ಆದದ್ದು. ಅದೇ ಬಗೆಯ ಲಾವಾ ಪ್ರವಾಹ ಇಥಿಯೋಪಿಯಾದ ನೆಲದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಉಕ್ಕಿತು. ಹೀಗೆ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟುವ ಶಿಲೆಗೆ ಬಸಾಲ್ಟ್ ಎಂದು ಹೆಸರು. ಬಸಾಲ್ಟ್ ಪದರಗಳು ಸವೆದಾಗ ಮೆಟ್ಟಿಲುಮೆಟ್ಟಿಲಾಗಿ ಕಾಣುವುದರಿಂದ ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬರ್ಥದ ಪದವೇ ‘ದಖ್ಖನ್ ಟ್ರ್ಯಾಪ್’ ಎಂಬ ಹೆಸರಿನಲ್ಲಿ ಬಂದು ಕುಳಿತಿದೆ. ಸೀಮಿಯನ್ನಿನಲ್ಲಿ ಮಾತ್ರ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ಲಾವಾ ಬಯಲಿನ ಮೇಲೆ ಇನ್ನೊಂದು ಜ್ವಾಲಾಮುಖಿ ಎದ್ದಿತು. ತೆಳುವಾದ ಲಾವಾ ದೂರದೂರಕ್ಕೆ ಹರಿದು ಹೆಪ್ಪುಗಟ್ಟಿದ್ದರಿಂದ ಅದು ಮೊನಚಾಗಿ ಬೆಳೆಯದೆ, ನೆಲದ ಮೇಲೆ ಬೋರಲು ಹಾಕಿದ ಗುರಾಣಿಯಂತೆ ಅಗಲವಾಗಿ ಉಬ್ಬಿಕೊಂಡಿತು. ಭೂವಿಜ್ಞಾನಿಗಳು ಇಂಥದನ್ನು ಗುರಾಣಿ ಜ್ವಾಲಾಮುಖಿ ಎನ್ನುತ್ತಾರೆ. ಆಮೇಲಿನ ಕೆಲಸ ನೀರಿನದು. ಮಳೆಗಾಲದ ತೊರೆಗಳೂ, ಮುಂದೆ ಅಟ್ಬರಾ ನದಿಯನ್ನು ಸೇರಿ ನೈಲ್‌ಗೆ ಹೋಗುವ ತೆಕೆಜೆ ನದಿಯ ಉಪನದಿಗಳೂ ಈ ಉಬ್ಬನ್ನು ಅಂಚಿನಿಂದ ಕೊರೆಯುತ್ತ ಬಂದವು. ಗಟ್ಟಿ ಪದರ ಗೋಡೆಯಾಗಿ ನಿಂತಿತು, ಮೆದು ಪದರ ಕುಸಿಯಿತು. ಇಂದು ಅಂಚಿನಲ್ಲಿ ನಿಂತು ನೋಡಿದರೆ ಕೆಳಗೆ ಕಾಣುವ ಗೋಪುರಗಳು, ಚಪ್ಪಟೆ ನೆತ್ತಿಯ ಗುಡ್ಡಗಳು, ಒಂಟಿ ಕಂಬಗಳು ಯಾವುವೂ ನೆಲದಿಂದ ಮೇಲಕ್ಕೆದ್ದವಲ್ಲ. ಮೇಲಿನ ಬಯಲು ಕರಗಿಹೋದ ಮೇಲೆ ಮಿಕ್ಕಿದವು.

ಉದ್ಯಾನಕ್ಕೆ ಹೋಗುವ ದಾರಿ ಗೊಂಡರ್ ನಗರದಿಂದ ಆರಂಭವಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಫಾಸಿಲಿದೆಸ್ ಎಂಬ ಚಕ್ರವರ್ತಿ ರಾಜಧಾನಿಯಾಗಿ ಕಟ್ಟಿಸಿದ ಈ ಊರಿನ ಕೋಟೆಕೊತ್ತಲಗಳೇ ಒಂದು ದಿನದ ನೋಟಕ್ಕೆ ಸಾಲುತ್ತವೆ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕೆ ದೆಬಾರ್ಕ್ ಎಂಬ ಪೇಟೆ ಇದೆ, ಉದ್ಯಾನದ ಕಚೇರಿ ಇರುವುದು ಅಲ್ಲಿ. ಪ್ರವೇಶ ಶುಲ್ಕ ಕಟ್ಟುವುದು, ಮಾರ್ಗದರ್ಶಿ, ಅಡುಗೆಯವರು, ಸಾಮಾನು ಹೊರುವ ಹೇಸರಗತ್ತೆಗಳು ಮತ್ತು ಅವುಗಳನ್ನು ನಡೆಸುವವರನ್ನು ಗೊತ್ತುಮಾಡಿಕೊಳ್ಳುವುದು ಎಲ್ಲವೂ ಇಲ್ಲೇ ನಡೆಯುತ್ತದೆ. ಇವರ ಜೊತೆಗೆ ಸ್ಕೌಟ್ ಎಂದು ಕರೆಯಲಾಗುವ, ಹೆಗಲಿಗೆ ಹಳೆಯ ಬಂದೂಕು ಏರಿಸಿಕೊಂಡ ಕಾವಲುಗಾರನೊಬ್ಬ ಕಡ್ಡಾಯವಾಗಿ ಬರುತ್ತಾನೆ. ಬಂದೂಕು ಕಂಡು ಕಾಡುಮೃಗಗಳ ಭಯವಿರಬೇಕೆಂದು ಹೊಸಬರು ಭಾವಿಸುವುದುಂಟು. ಆದರೆ ಚಾರಣದ ದಾರಿಯಲ್ಲಿ ಮನುಷ್ಯರ ಮೇಲೆ ಬೀಳುವ ಪ್ರಾಣಿ ಇಲ್ಲವೆಂದೇ ಹೇಳಬಹುದು. ಚಿರತೆ, ಕತ್ತೆಕಿರುಬ ಇದ್ದರೂ ಕಾಣಿಸಿಕೊಳ್ಳುವುದು ಅಪರೂಪ. ಉದ್ಯಾನದ ಸುತ್ತಲಿನ ಹಳ್ಳಿಗಳಿಂದ ಬಂದ ಈ ಸ್ಕೌಟ್‌ಗಳಿಗೆ ಪ್ರವಾಸಿಗರ ಭಾಷೆ ಹೆಚ್ಚು ಬಾರದಿದ್ದರೂ ಯಾವ ತೊರೆಯಲ್ಲಿ ನೀರಿದೆ, ಯಾವ ಅಂಚಿನ ಹುಲ್ಲು ಮಂಜಿಗೆ ಜಾರುತ್ತದೆ ಎಂಬುದು ಚೆನ್ನಾಗಿ ಗೊತ್ತು. ಅವರ ನಿಜವಾದ ಉಪಯೋಗ ಅದೇ.

ಇಲ್ಲಿಂದ ಗಡಿಯಾರವೂ ಬದಲಾಗುತ್ತದೆ. ಇಥಿಯೋಪಿಯಾದಲ್ಲಿ ಗಂಟೆಯ ಎಣಿಕೆ ನಡುರಾತ್ರಿಯಿಂದ ಅಲ್ಲ, ಬೆಳಗಿನಿಂದ ಶುರುವಾಗುವುದರಿಂದ ನಾವು ಏಳು ಗಂಟೆ ಎನ್ನುವ ಹೊತ್ತು ಅಲ್ಲಿನವರಿಗೆ ಒಂದು ಗಂಟೆ. ಹೇಸರಗತ್ತೆಯವನಿಗೆ ‘ಒಂದು ಗಂಟೆಗೆ ಬಾ’ ಎಂದರೆ ಅವನು ಹೊತ್ತು ಹುಟ್ಟಿ ಸ್ವಲ್ಪ ಹೊತ್ತಿಗೆಲ್ಲ ಡೇರೆಯ ಮುಂದೆ ನಿಂತಿರುತ್ತಾನೆ. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗವನ್ನು ಕಂಡವರಿಗೆ ಇದರ ತರ್ಕ ಬೇಗ ಹಿಡಿಯುತ್ತದೆ.

ದೆಬಾರ್ಕ್ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಮೊದಲ ಬಿಡಾರವಾದ ಸಂಕಾಬೆರ್ 3,250 ಮೀಟರ್, ಎರಡನೆಯದಾದ ಗೀಚ್ 3,600 ಮೀಟರ್, ಮೂರನೆಯದಾದ ಚೆನ್ನೆಕ್ ಅದಕ್ಕಿಂತ ತುಸು ಮೇಲೆ. ದಿನಕ್ಕೆ ಐದಾರು ಗಂಟೆ ನಡೆದರೆ ಒಂದರಿಂದ ಇನ್ನೊಂದನ್ನು ತಲುಪಬಹುದಾದ ಈ ಮೂರು ತಂಗುದಾಣಗಳು ಅಂಚಿನ ಉದ್ದಕ್ಕೂ ಹರಡಿವೆ. ಇಲ್ಲಿ ದಣಿಸುವುದು ಏರುದಾರಿಗಿಂತ ಹೆಚ್ಚಾಗಿ ಗಾಳಿ. ಗೀಚ್‌ನ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗದಷ್ಟಕ್ಕೆ ಇಳಿದಿರುವುದರಿಂದ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ, ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಬೇಳೆ ಎಷ್ಟು ಹೊತ್ತು ಒಲೆಯ ಮೇಲಿದ್ದರೂ ಕಟುಕಟು ಎನ್ನುತ್ತಲೇ ಇರುತ್ತದೆ. ತಲೆನೋವು, ಓಕರಿಕೆ, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಬೆಂಗಳೂರಿನಂಥ 900 ಮೀಟರ್ ಎತ್ತರದ ಊರಿನವರಾಗಲಿ, ಕರಾವಳಿಯವರಾಗಲಿ ಎರಡು ರಾತ್ರಿಯಾದರೂ ಗೊಂಡರ್ ಮತ್ತು ದೆಬಾರ್ಕ್‌ಗಳಲ್ಲಿ ಕಳೆದು ದೇಹವನ್ನು ಒಗ್ಗಿಸಿಕೊಂಡು ಮೇಲಕ್ಕೆ ಹೋಗುವುದು ಲೇಸು. ಲಕ್ಷಣಗಳು ಹೆಚ್ಚಾದರೆ ಮಾತ್ರೆಗಿಂತ ಕೆಳಗಿಳಿಯುವುದೇ ಮದ್ದು.

ಸಂಕಾಬೆರ್ ತಲುಪುವ ಮೊದಲೇ ದಾರಿಯ ಬದಿಯ ಹುಲ್ಲಿನಲ್ಲಿ ನೂರಾರು ಕಂದು ಬೆನ್ನುಗಳು ಕಾಣಿಸುತ್ತವೆ. ಕುರಿಮಂದೆಯೆಂದು ತಿಳಿದು ಹತ್ತಿರ ಹೋದವರಿಗೆ ಅವು ಕೋತಿಗಳೆಂದು ತಿಳಿಯುವುದು ಒಂದು ತಲೆಯೆತ್ತಿ ನೋಡಿದಾಗ. ಗೆಲಾಡ ಎಂಬ ಈ ಪ್ರಾಣಿ ಇಥಿಯೋಪಿಯಾದ ಎತ್ತರದ ನಾಡನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವಾನರ ವರ್ಗದಲ್ಲಿ ಮುಖ್ಯವಾಗಿ ಹುಲ್ಲನ್ನೇ ಮೇಯ್ದು ಬದುಕುವುದು ಇಂದು ಉಳಿದಿರುವುದರಲ್ಲಿ ಇದೊಂದೇ. ದನ ಹುಲ್ಲನ್ನು ನಾಲಿಗೆಯಿಂದ ಸುತ್ತಿ ಕೀಳುತ್ತದೆ, ಕುರಿ ಹಲ್ಲಿನಿಂದ ಕತ್ತರಿಸುತ್ತದೆ. ಗೆಲಾಡ ಕೈಯಿಂದ ಕೊಯ್ಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡುವಂತೆ ಅದರ ಅಂಗೈ ರಚನೆಯಾಗಿದೆ. ಒಂದೊಂದೇ ಹಸಿ ಎಸಳನ್ನು ಆರಿಸಿ ಕಿತ್ತು, ಹಿಡಿ ತುಂಬಿದ ಮೇಲೆ ಬಾಯಿಗೆ ಹಾಕುತ್ತದೆ, ಅಷ್ಟರಲ್ಲಿ ಇನ್ನೊಂದು ಕೈ ಕೊಯ್ಯುತ್ತಲೇ ಇರುತ್ತದೆ. ಬತ್ತದ ಗದ್ದೆಯಲ್ಲಿ ಕಳೆ ಕೀಳುವವರ ಕೈಚಳಕವನ್ನು ಬಲ್ಲವರಿಗೆ ಇದು ಗುರುತು ಸಿಗುವಂಥ ನೋಟ. ಒಂದು ತಾಣದ ಹುಲ್ಲು ಮುಗಿದರೆ ಅದು ಎದ್ದು ನಿಲ್ಲುವುದೂ ಇಲ್ಲ, ಕುಳಿತಂತೆಯೇ ಅಂಡಿನ ಮೇಲೆ ಮುಂದಕ್ಕೆ ತೆವಳುತ್ತದೆ.

ಹೀಗೆ ದಿನವಿಡೀ ಕುಳಿತೇ ಇರುವುದರ ಪರಿಣಾಮ ಅದರ ಮೈಮೇಲೂ ಆಗಿದೆ ಎಂಬುದು ಬಹುಕಾಲದ ವಿವರಣೆ. ಬಬೂನಿನಂಥ ಹತ್ತಿರದ ಬಂಧುಗಳಲ್ಲಿ ಹೆಣ್ಣು ಬೆದೆಗೆ ಬಂದುದನ್ನು ಹಿಂಭಾಗದ ಊತ ಸಾರಿದರೆ, ಗೆಲಾಡದಲ್ಲಿ ಆ ಸೂಚನೆ ಎದೆಗೆ ಬಂದಿದೆ. ಗಂಡು ಹೆಣ್ಣು ಎರಡಕ್ಕೂ ಎದೆಯ ಮೇಲೆ ಕೂದಲಿಲ್ಲದ, ಡಮರುಗದ ಆಕಾರದ ಕೆಂಪು ಚರ್ಮವಿದೆ. ಹೆಣ್ಣಿನಲ್ಲಿ ಅದರ ಅಂಚಿಗೆ ಮಣಿಸರ ಪೋಣಿಸಿದಂತೆ ಗುಳ್ಳೆಗಳಿದ್ದು ಬೆದೆಯ ಕಾಲಕ್ಕೆ ಉಬ್ಬುತ್ತವೆ. ಗಂಡಿನ ಎದೆಯ ಕೆಂಪು ಅದರ ಸ್ಥಾನಮಾನಕ್ಕೆ ತಕ್ಕಂತೆ ಗಾಢವಾಗುತ್ತದೆ, ಪದವಿ ಕಳೆದುಕೊಂಡ ಗಂಡಿನ ಎದೆ ಬಣ್ಣಗೆಡುತ್ತದೆ. ಪದವಿ ಎಂದರೆ ಇಲ್ಲಿ ಸಂಸಾರದ ಯಜಮಾನಿಕೆ: ಒಂದು ಗಂಡು, ಕೆಲವು ಹೆಣ್ಣುಗಳು, ಅವುಗಳ ಮರಿಗಳು ಸೇರಿ ಒಂದು ಘಟಕ, ಇಂಥ ಅನೇಕ ಘಟಕಗಳು ಮೇಯುವಾಗ ಒಟ್ಟುಗೂಡಿ ನೂರಾರರ ಮಂದೆಯಾಗುತ್ತವೆ. ಮಂದೆಯ ಹೊರವಲಯದಲ್ಲಿ ಸಂಸಾರವಿಲ್ಲದ ಗಂಡುಗಳ ಗುಂಪು ಹೊಂಚುಹಾಕುತ್ತಿರುತ್ತದೆ. ಅವುಗಳಲ್ಲೊಂದು ಯಜಮಾನನನ್ನು ಸೋಲಿಸಿತೆಂದರೆ ಹೊಸ ಯಜಮಾನ ಹಳಬನ ಎಳೆಮರಿಗಳನ್ನು ಕೊಲ್ಲುವುದುಂಟು.

ಈ ಅಧಿಕಾರ ಬದಲಾವಣೆಯ ಬಗ್ಗೆ ಸಂಕಾಬೆರ್ ಬಳಿ ನಡೆದ ಒಂದು ಅಧ್ಯಯನ ಜೀವಶಾಸ್ತ್ರದಲ್ಲಿ ಹೆಸರಾಗಿದೆ. ಮಿಶಿಗನ್ ವಿಶ್ವವಿದ್ಯಾಲಯದ ಜಸಿಂಟಾ ಬೀನರ್ ಮತ್ತು ಥೋರ್ ಬರ್ಗ್‌ಮನ್ ಅವರ ತಂಡ 2006ರಿಂದ ಇಲ್ಲಿನ ಮಂದೆಗಳನ್ನು ಪ್ರಾಣಿ ಪ್ರಾಣಿಯಾಗಿ ಗುರುತಿಟ್ಟು ಹಿಂಬಾಲಿಸುತ್ತಿದೆ. ಪ್ರಾಣಿಯನ್ನು ಮುಟ್ಟದೆ ಅದರ ಒಳಸ್ಥಿತಿ ತಿಳಿಯಲು ಅವರು ಹಿಡಿದ ದಾರಿ ಲದ್ದಿಯನ್ನು ಸಂಗ್ರಹಿಸಿ ಅದರಲ್ಲಿನ ಹಾರ್ಮೋನುಗಳನ್ನು ಅಳೆಯುವುದು. ಹೊಸ ಗಂಡು ಯಜಮಾನಿಕೆಗೆ ಬಂದ ಘಟಕಗಳಲ್ಲಿ ಗಬ್ಬವಾಗಿದ್ದ ಹೆಣ್ಣುಗಳ ಪೈಕಿ ಬಹುಪಾಲಿನ ಗರ್ಭ ಕೆಲವೇ ದಿನಗಳಲ್ಲಿ ನಿಂತುಹೋಗುತ್ತದೆಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ತೋರಿಸಿದರು. ಇದನ್ನು ಬ್ರೂಸ್ ಪರಿಣಾಮ ಎನ್ನುತ್ತಾರೆ. ಹಿಲ್ಡಾ ಬ್ರೂಸ್ ಎಂಬ ವಿಜ್ಞಾನಿ 1959ರಲ್ಲಿ ಪ್ರಯೋಗಾಲಯದ ಇಲಿಗಳಲ್ಲಿ ಇಂಥದನ್ನು ಕಂಡುಹಿಡಿದಿದ್ದರು. ಹುಟ್ಟಿದ ಮೇಲೆ ಕೊಲ್ಲಲ್ಪಡುವ ಸಂಭವವಿರುವ ಮರಿಯನ್ನು ಹೊತ್ತು ತಿಂಗಳುಗಟ್ಟಲೆ ಸೊರಗುವುದಕ್ಕಿಂತ ತಾಯಿಯ ದೇಹ ಬೇಗನೆ ಲೆಕ್ಕ ಮುಗಿಸುತ್ತದೆ ಎಂಬುದು ವಿವರಣೆ. ಪಂಜರದ ಇಲಿಗಳ ವಿಚಿತ್ರವೆಂದು ಅರ್ಧ ಶತಮಾನ ಕಾಲ ಸಂದೇಹಕ್ಕೊಳಗಾಗಿದ್ದ ಸಂಗತಿ ಬಯಲಿನ ಪ್ರಾಣಿಗಳಲ್ಲೂ ಇದೆಯೆಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಹೀಗೆ, ಮೂರು ಸಾವಿರ ಮೀಟರ್ ಎತ್ತರದಲ್ಲಿ ಲದ್ದಿ ಆಯುವ ಕೆಲಸದಿಂದ.

ಗೆಲಾಡದ ಕುಲ ಒಂದು ಕಾಲದಲ್ಲಿ ಇಷ್ಟು ಸಣ್ಣದಾಗಿರಲಿಲ್ಲ. ಥೆರೊಪಿಥಿಕಸ್ ಎಂಬ ಇದರ ಕುಲದ ಪಳೆಯುಳಿಕೆಗಳು ಆಫ್ರಿಕಾದ ಉದ್ದಗಲಕ್ಕೂ, ಸ್ಪೇನಿನಲ್ಲೂ ದೊರೆತಿವೆ. ಚಂಡೀಗಢದ ಸಮೀಪ ಶಿವಾಲಿಕ್ ಬೆಟ್ಟಸಾಲಿನ ಮಿರ್ಜಾಪುರದಲ್ಲೂ ಒಂದು ದವಡೆಯ ಭಾಗ ಸಿಕ್ಕಿ 1981ರಲ್ಲಿ ಅದರ ವರದಿಯಾಯಿತು. ಭಾರತದ ಹುಲ್ಲುಗಾವಲಿನಲ್ಲಿ ಒಂದಾನೊಂದು ಕಾಲಕ್ಕೆ ಈ ಬಳಗದ ಕೋತಿ ಮೇಯುತ್ತಿತ್ತು. ಅವೆಲ್ಲ ಅಳಿದು ಇದೊಂದು ಉಳಿದದ್ದಕ್ಕೆ ಕಾರಣಗಳಲ್ಲಿ ಈ ಪ್ರಪಾತವೂ ಸೇರಿರಬೇಕು. ಗೆಲಾಡಕ್ಕೆ ಮರವೇ ಬೇಕಿಲ್ಲ. ಸಂಜೆಯಾಗುತ್ತಲೇ ಮಂದೆ ಅಂಚಿಗೆ ಬಂದು, ಒಂದರ ಹಿಂದೊಂದು ಗೋಡೆಯ ಕೆಳಗೆ ಇಳಿದು, ಚಿರತೆಗೂ ನಾಯಿಗೂ ಎಟುಕದ ಬಂಡೆಯ ಚಾಚುಗಳಲ್ಲಿ ಮೈಗೆ ಮೈ ಒತ್ತಿ ಮಲಗುತ್ತದೆ. ಬಿಸಿಲೇರಿದ ಮೇಲೆ ಮತ್ತೆ ಮೇಲಕ್ಕೆ ಬರುತ್ತದೆ.

ಸಂಕಾಬೆರ್‌ನಿಂದ ಗೀಚ್‌ಗೆ ಹೋಗುವ ದಾರಿಯಲ್ಲಿ ಜಿನ್‌ಬಾರ್ ತೊರೆ ಸುಮಾರು 500 ಮೀಟರ್ ಆಳದ ಕಂದರಕ್ಕೆ ಧುಮುಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇದು ಭೋರ್ಗರೆಯುವಾಗ ಕಂದರ ಮಂಜಿನಿಂದ ತುಂಬಿರುತ್ತದೆ, ಮಂಜು ತಿಳಿಯಾಗುವ ಚಳಿಗಾಲಕ್ಕೆ ನೀರು ಎಳೆಯಷ್ಟಾಗಿರುತ್ತದೆ. ಜೋಗವನ್ನು ನೋಡಲು ಹೋಗಿ ಎರಡೂ ಬಗೆಯಲ್ಲಿ ಮೋಸಹೋದವರಿಗೆ ಈ ಇಕ್ಕಟ್ಟು ತಿಳಿದದ್ದೇ. ಮಳೆ ನಿಂತು ಅಡೆ ಎಂಬ ಹಳದಿ ಹೂ ಗುಡ್ಡವನ್ನೆಲ್ಲ ಮುಚ್ಚಿರುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳು ನಡುವಿನ ಒಳ್ಳೆಯ ಕಾಲ. ಮಾರ್ಚ್‌ವರೆಗೂ ಆಕಾಶ ಸ್ವಚ್ಛವಾಗಿರುತ್ತದೆ, ಆದರೆ ಹುಲ್ಲು ಒಣಗಿ ರಾತ್ರಿಯ ಚಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರದ ಈ ಎತ್ತರಗಳಲ್ಲಿ ವರ್ಷದ ಋತುಭೇದಕ್ಕಿಂತ ಹಗಲಿರುಳಿನ ಭೇದವೇ ದೊಡ್ಡದು. ಹಗಲು ಚರ್ಮ ಸುಡುವ ಬಿಸಿಲು, ರಾತ್ರಿ ಡೇರೆಯ ಬಟ್ಟೆಯ ಮೇಲೆ ಹಿಮದ ಹುಡಿ.

ಇದನ್ನು ತಾಳಿಕೊಳ್ಳುವ ಸಸ್ಯಗಳ ವೇಷವೂ ಬೇರೆ. ಕೆಳಗೆ ಎರಿಕಾ ಎಂಬ ಸಣ್ಣೆಲೆಯ ಮರಗಳ ತೋಪು, ಕೊಂಬೆಗಳಿಂದ ಜೋತ ನರೆಗಡ್ಡದಂಥ ಕಲ್ಲುಹೂವು. ಅದರ ಮೇಲೆ ಪೊದೆಪೊದೆಯಾಗಿ ನಿಂತ ಒರಟು ಹುಲ್ಲು, ಅದರ ನಡುವೆ ದೈತ್ಯ ಲೊಬೀಲಿಯ. ಅಲ್ಲಿನವರು ಜಿಬ್ರಾ ಎನ್ನುವ ಈ ಗಿಡ ದೂರದಿಂದ ಅನಾನಸ್ ಗಿಡವನ್ನು ಕಂಬದ ಮೇಲೆ ಕೂರಿಸಿದಂತೆ ತೋರುತ್ತದೆ. ಹಗಲು ಬಿಚ್ಚಿಕೊಂಡಿರುವ ಅದರ ಉದ್ದನೆಯ ಎಲೆಗಳು ಸಂಜೆಗೆ ಒಳಮುಖವಾಗಿ ಮುಚ್ಚಿಕೊಂಡು ನಡುವಿನ ಎಳೆ ಮೊಗ್ಗಿಗೆ ಕಂಬಳಿಯಾಗುತ್ತವೆ. ಹಲವು ವರ್ಷ ಹೀಗೆ ಬೆಳೆದು, ಕೊನೆಗೊಮ್ಮೆ ಮನುಷ್ಯನಿಗಿಂತ ಎತ್ತರದ ಹೂಗೊಂಚಲನ್ನು ಮೇಲಕ್ಕೆ ಎತ್ತಿ, ಬೀಜ ಚೆಲ್ಲಿ ಗಿಡ ಸಾಯುತ್ತದೆ. ಬಿದಿರಿನಂತೆ, ಶ್ರೀತಾಳೆಯಂತೆ ಇದರದ್ದೂ ಬದುಕಿಗೊಂದೇ ಹೂ. ಗೀಚ್‌ನಿಂದ ಇಮೆತ್ ಗೊಗೊ ಎಂಬ 3,926 ಮೀಟರ್ ಎತ್ತರದ ಚಾಚಿಗೆ ಹೋಗುವ ಬಯಲಿನಲ್ಲಿ ಇಂಥ ನೂರಾರು ಗಿಡಗಳು ಸತ್ತವೂ ಬದುಕಿದವೂ ಬೆರೆತು ನಿಂತಿರುತ್ತವೆ. ಇಮೆತ್ ಗೊಗೊ ಮೂರು ಕಡೆಯೂ ಪ್ರಪಾತವಿರುವ ಮೂಗು. ಇಡೀ ಚಾರಣದಲ್ಲಿ ಒಂದೇ ಒಂದು ಕಡೆ ನಿಲ್ಲಲು ಅವಕಾಶವೆಂದರೆ ಆರಿಸಬೇಕಾದದ್ದು ಇದನ್ನೇ ಹೊರತು ದೇಶದ ಅತಿ ಎತ್ತರದ ಶಿಖರವನ್ನಲ್ಲ.

ಏಕೆಂದರೆ ರಾಸ್ ದಶೆನ್ ಎಂಬ ಆ ಶಿಖರ, ಅದರ ಎತ್ತರ 4,550 ಮೀಟರ್ ಆಗಿದ್ದರೂ (ಹಳೆಯ ನಕ್ಷೆಗಳು 4,620 ಎನ್ನುತ್ತವೆ), ನೋಟಕ್ಕೆ ಒಂದು ಕಲ್ಲುಗುಪ್ಪೆಯಷ್ಟೆ. ಅದನ್ನು ಮುಟ್ಟಲು ಚೆನ್ನೆಕ್‌ನಿಂದ ಬ್ವಾಹಿತ್ ಕಣಿವೆದಾರಿ ದಾಟಿ, ಸಾವಿರ ಮೀಟರಿಗೂ ಹೆಚ್ಚು ಇಳಿದು, ಮೈಶಾಹ ನದಿಯನ್ನು ಹಾಯ್ದು, ಮತ್ತೆ ಅಷ್ಟನ್ನೂ ಹತ್ತಬೇಕು. ಅದಕ್ಕೆ ಇನ್ನೂ ಮೂರು ನಾಲ್ಕು ದಿನ ಬೇಕು. ಹೆಸರಿಗಾಗಿ ಹತ್ತುವವರು ಹತ್ತುತ್ತಾರೆ.

ಚೆನ್ನೆಕ್‌ನ ಆಕರ್ಷಣೆ ಬೇರೆ. ಅಲ್ಲಿನ ಅಂಚಿನಲ್ಲಿ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಕಾದು ಕುಳಿತರೆ ಕೆಳಗಿನ ಬಂಡೆಯ ಕಟ್ಟೆಗಳಲ್ಲಿ ವಾಲಿಯ ಎಂಬ ಕಾಡುಮೇಕೆ ಕಾಣುವ ಸಾಧ್ಯತೆ ಹೆಚ್ಚು. ಗಂಡಿಗೆ ಗಡ್ಡ, ಹಿಂದಕ್ಕೆ ಕತ್ತಿಯಂತೆ ಬಾಗಿದ, ಉಬ್ಬುಗೆರೆಗಳುಳ್ಳ, ಒಂದು ಮೀಟರ್ ದಾಟಬಲ್ಲ ಕೊಂಬು. ಕಂದು ಮೈ, ಬಿಳಿ ಹೊಟ್ಟೆ. ಆಲ್ಪ್ಸ್, ಮಧ್ಯ ಏಷ್ಯಾಗಳಲ್ಲಿ ಬಂಧುಗಳಿರುವ ಐಬೆಕ್ಸ್ ಬಳಗದಲ್ಲಿ ಎಲ್ಲಕ್ಕಿಂತ ದಕ್ಷಿಣದಲ್ಲಿರುವುದು ಇದು, ಮತ್ತು ಸೀಮಿಯನ್ ಬಿಟ್ಟರೆ ಭೂಮಿಯ ಮೇಲೆ ಇದಕ್ಕೆ ಬೇರೆ ನೆಲೆಯಿಲ್ಲ. ಮೇಲಿನ ಹುಲ್ಲುಗಾವಲು ಹೊಲವಾಗಿ, ದನಗಾವಲಾಗಿ ಬದಲಾದಂತೆ, 1935ರ ಇಟಲಿಯ ಆಕ್ರಮಣದ ನಂತರ ಬಂದೂಕುಗಳು ಹಳ್ಳಿಹಳ್ಳಿಗೂ ಹರಡಿದಂತೆ ವಾಲಿಯ ಗೋಡೆಗೆ ಸರಿಯಿತು. ನೇಗಿಲು ಹೋಗದ, ಬೇಟೆಯವನು ಕೊಂದರೂ ಹೆಣ ಎತ್ತಿಕೊಳ್ಳಲಾಗದ ಜಾಗವೊಂದೇ ಅದಕ್ಕೆ ಉಳಿದದ್ದು. ಹಾಗಾಗಿ ಪ್ರವಾಸಿ ಕೈಪಿಡಿಗಳು ವಾಲಿಯವನ್ನು ಪ್ರಪಾತಪ್ರಿಯ ಪ್ರಾಣಿಯೆಂದು ಬಣ್ಣಿಸುವುದರಲ್ಲಿ ಅರ್ಧ ಸತ್ಯ ಮಾತ್ರ ಇದೆ.

ಪರ್ವತದ ಹೆಸರನ್ನೇ ಹೊತ್ತ ಇನ್ನೊಂದು ಪ್ರಾಣಿ ಇಥಿಯೋಪಿಯಾದ ತೋಳ. ಜರ್ಮನ್ ಪ್ರಕೃತಿವಿಜ್ಞಾನಿ ಎಡ್ವರ್ಡ್ ರುಪ್ಪೆಲ್ 1840ರಲ್ಲಿ ಇದಕ್ಕೆ ‘ಕ್ಯಾನಿಸ್ ಸೈಮೆನ್ಸಿಸ್’ ಎಂದು ವೈಜ್ಞಾನಿಕ ನಾಮ ಕೊಟ್ಟ. ಅಲ್ಲಿನ ಜನ ‘ಕೆಂಪು ನರಿ’ ಎಂಬರ್ಥದ ‘ಕೆಯ್ ಕೆಬೆರೊ’ ಎನ್ನುತ್ತಾರೆ. ಹೆಸರು ಸೀಮಿಯನ್ನಿನದಾದರೂ ಜಗತ್ತಿನಲ್ಲಿ ಉಳಿದ ಸುಮಾರು ಐನೂರು ತೋಳಗಳಲ್ಲಿ ಹೆಚ್ಚಿನವು ಇರುವುದು ದಕ್ಷಿಣದ ಬಾಲೆ ಪರ್ವತಗಳಲ್ಲಿ. ಇಲಿಗಳನ್ನು ಹಿಡಿದು ಬದುಕುವ ಈ ಸಾಧು ಬೇಟೆಗಾರನಿಗೆ ದೊಡ್ಡ ಶತ್ರು ಊರ ನಾಯಿಯಿಂದ ತಗಲುವ ರೇಬೀಸ್ ಮತ್ತು ಡಿಸ್ಟೆಂಪರ್ ಕಾಯಿಲೆಗಳು. ಇನ್ನು ಆಕಾಶದಲ್ಲಿ, ಎಲುಬನ್ನು ಮೇಲಕ್ಕೊಯ್ದು ಬಂಡೆಯ ಮೇಲೆ ಬೀಳಿಸಿ ಒಡೆದು ಮಜ್ಜೆ ತಿನ್ನುವ ಗಡ್ಡದ ರಣಹದ್ದು, ಮರ ಕಡಿಯುವ ಕೊಡಲಿಯಂಥ ಕೊಕ್ಕಿನ ದಪ್ಪ ಕಾಗೆ. ಎರಡನೆಯದು ಡೇರೆಯ ಅಡುಗೆಮನೆಗೆ ನಿತ್ಯದ ಅತಿಥಿ.

ಈ ಎತ್ತರವನ್ನು ಬರೀ ಕಾಡುಪ್ರಾಣಿಗಳ ಲೋಕವೆಂದು ಭಾವಿಸಿ ಬಂದವರಿಗೆ ಮೊದಲ ದಿನವೇ ಜವೆಗೋಧಿಯ ಹೊಲಗಳು ಎದುರಾಗುತ್ತವೆ. ಒಂದು ಜೊತೆ ಎತ್ತು, ‘ಮಾರೆಶಾ’ ಎಂಬ ಮರದ ನೇಗಿಲು, ತಲೆಯವರೆಗೆ ಬಿಳಿ ಶಾಲು ಹೊದ್ದ ರೈತ, ಗೆಲಾಡ ಹೊಲಕ್ಕೆ ಇಳಿಯದಂತೆ ಕವಣೆಯೊಂದಿಗೆ ಕಾಯುವ ಹುಡುಗರು; ಅಮ್ಹಾರ ಜನಾಂಗದ ಈ ಆರ್ಥೊಡಾಕ್ಸ್ ಕ್ರೈಸ್ತರು ಶತಮಾನಗಳಿಂದ ಇಲ್ಲಿ ಉತ್ತು ಬಿತ್ತಿದವರು. ಇಥಿಯೋಪಿಯಾದ ಎತ್ತರದ ನಾಡಿನ ಬೇಸಾಯಕ್ಕೂ ಕರ್ನಾಟಕಕ್ಕೂ ಇರುವ ಸಂಬಂಧ ಸಣ್ಣದಲ್ಲ. ಮಂಡ್ಯ, ಹಾಸನ, ತುಮಕೂರಿನ ಮುದ್ದೆಯ ರಾಗಿ ಮೊದಲು ಕೃಷಿಗೆ ಒಗ್ಗಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲೇ. ಅಮ್ಹಾರಿಕ್‌ನಲ್ಲಿ ಅದು ‘ದಗುಸ’. ಗೊಂಡರ್ ಸೀಮೆಯಲ್ಲಿ ಇಂದಿಗೂ ರೊಟ್ಟಿಗೂ, ‘ತಲ್ಲಾ’ ಎಂಬ ಮನೆಮದ್ಯಕ್ಕೂ ಬಳಕೆಯಲ್ಲಿದೆ. ಹಳೆ ಮೈಸೂರಿನವರು ಹುಚ್ಚೆಳ್ಳು ಎಂದೂ ಉತ್ತರ ಕರ್ನಾಟಕದವರು ಗುರೆಳ್ಳು ಎಂದೂ ಕರೆದು ಚಟ್ನಿಪುಡಿ ಮಾಡುವ ಕಪ್ಪು ಬೀಜದ ತವರೂ ಅದೇ, ಅದರ ಸಸ್ಯನಾಮದಲ್ಲೇ ‘ಅಬಿಸಿನಿಕ’ ಎಂದಿದೆ. ಅಕ್ಟೋಬರ್‌ನಲ್ಲಿ ಗೊಂಡರ್‌ನಿಂದ ಹೊರಟ ದಾರಿಯ ಎರಡೂ ಬದಿ ಅದರ ಹಳದಿ ಹೂವಿನ ಹೊಲಗಳಿರುತ್ತವೆ. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಅಂಜಬೇಕಾಗಿಲ್ಲ: ಬುಧವಾರ, ಶುಕ್ರವಾರ ಮತ್ತು ಇನ್ನೂ ಅನೇಕ ದಿನ ಅಲ್ಲಿನ ಕ್ರೈಸ್ತರು ಮಾಂಸ, ಹಾಲು, ಮೊಟ್ಟೆ ಎಲ್ಲವನ್ನೂ ಬಿಡುವ ವ್ರತ ಹಿಡಿಯುವುದರಿಂದ ‘ತ್ಸೋಮ್’ ಎಂದು ಕೇಳಿದರೆ ಹುಳಿ ಬರಿಸಿದ ಹಿಟ್ಟಿನ ಅಗಲವಾದ ಇಂಜೆರ, ಅದರ ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೊ, ಕೋಸು, ಬೀಟ್‌ರೂಟು ಬರುತ್ತದೆ.

ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ, 1969ರಲ್ಲಿ ಈ ಹೊಲಮನೆಗಳ ಸಮೇತವೇ ಸುಮಾರು 136 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅದಕ್ಕೂ ಮುಂಚೆ ಎರಡು ವರ್ಷ ಇಲ್ಲಿ ವಾರ್ಡನ್ ಆಗಿ ದುಡಿದ, ಮುಂದೆ ಜಪಾನಿನಲ್ಲಿ ನೆಲೆಸಿ ಹೆಸರಾದ ವೇಲ್ಸ್ ಮೂಲದ ಸಿ.ಡಬ್ಲ್ಯೂ. ನಿಕೋಲ್ ಆ ದಿನಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. 1970ರ ದಶಕದ ನಡುವೆ ಇದೇ ಹೊಣೆ ಹೊತ್ತು ಇಲ್ಲಿದ್ದ ಸ್ವಿಟ್ಜರ್ಲೆಂಡಿನ ಭೂಗೋಳಜ್ಞ ಹಾನ್ಸ್ ಹೂರ್ನಿ ಇಳಿಜಾರಿನ ಉಳುಮೆಯಿಂದ ಮಣ್ಣು ಹೇಗೆ ಕೊಚ್ಚಿಹೋಗುತ್ತಿದೆ ಎಂಬುದನ್ನು ಅಳೆದರು. ಆ ದಶಕದ ಕೊನೆಯಲ್ಲಿ ಸೈನಿಕ ಸರ್ಕಾರ ಪ್ರಪಾತದ ಬುಡದ ಹಳ್ಳಿಗಳನ್ನು ಬಲವಂತವಾಗಿ ಖಾಲಿ ಮಾಡಿಸಿತು. ಅಂತರ್ಯುದ್ಧದ ಎಂಬತ್ತರ ದಶಕದಲ್ಲಿ ಉದ್ಯಾನವೇ ಅನಾಥವಾಯಿತು. ವಾಲಿಯ ಮತ್ತು ತೋಳಗಳ ಸಂಖ್ಯೆ ಕುಸಿದು, ಉದ್ಯಾನವನ್ನು ಸೀಳಿಕೊಂಡು ರಸ್ತೆಯೂ ಬಂದುದರಿಂದ 1996ರಲ್ಲಿ ಯುನೆಸ್ಕೋ ಇದನ್ನು ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಹೊರಬರಲು ಇಪ್ಪತ್ತೊಂದು ವರ್ಷ ಹಿಡಿಯಿತು. ಉದ್ಯಾನದ ಗಡಿಯನ್ನು 412 ಚದರ ಕಿಲೋಮೀಟರಿಗೆ ಹಿಗ್ಗಿಸಿದ್ದು, ಬದಲಿ ರಸ್ತೆ, ವಾಲಿಯದ ಸಂಖ್ಯೆ ಐನೂರನ್ನು ದಾಟಿದ್ದು, ಹುಲ್ಲುಗಾವಲಿನ ಮೇಲಿನ ದನಕುರಿಗಳ ಒತ್ತಡ ತಗ್ಗಿಸಿದ್ದು ಇವೆಲ್ಲ ಅದಕ್ಕೆ ಕಾರಣಗಳು. ಕೊನೆಯ ಕಾರಣದ ಹಿಂದೆ ಗೀಚ್ ಇದೆ.

ಗೀಚ್ ಎಂಬುದು ಬಿಡಾರದ ಹೆಸರಾಗುವ ಮೊದಲು ಊರಿನ ಹೆಸರು. ನಾನೂರಕ್ಕೂ ಹೆಚ್ಚು ಮನೆಗಳ, ಎರಡು ಸಾವಿರಕ್ಕೂ ಹೆಚ್ಚು ಜನರ ಆ ಊರನ್ನು 2016ರಲ್ಲಿ ದೆಬಾರ್ಕ್‌ಗೆ ಸ್ಥಳಾಂತರಿಸಲಾಯಿತು. ಸರ್ಕಾರದ ದಾಖಲೆಗಳಲ್ಲಿ ಇದು ಸ್ವಯಂಪ್ರೇರಿತ ಪುನರ್ವಸತಿ. ಪರಿಹಾರ, ನಿವೇಶನ ಕೊಡಲಾಗಿದೆ. ಫ್ರೆಂಚ್ ಇತಿಹಾಸಕಾರ ಗಿಯೋಮ್ ಬ್ಲಾಂ 2020ರಲ್ಲಿ ಪ್ರಕಟಿಸಿದ, ಹಸಿರು ವಸಾಹತುಶಾಹಿಯನ್ನು ಕುರಿತ ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರಿದೆ. ಯೂರೋಪಿನಲ್ಲಿ ಆಲ್ಪ್ಸ್‌ನ, ಫ್ರಾನ್ಸ್‌ನ ಉದ್ಯಾನಗಳಲ್ಲಿ ಕುರಿಗಾಹಿಯನ್ನೂ ರೈತನನ್ನೂ ಪರಂಪರೆಯ ಭಾಗವೆಂದು ಉಳಿಸಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಗಳು, ಆಫ್ರಿಕಾದ ರೈತನನ್ನು ಮಾತ್ರ ಪ್ರಕೃತಿಯ ವೈರಿಯೆಂದು ಕಾಣುತ್ತ ಬಂದಿವೆ ಎಂಬುದು ಅವರ ವಾದ. ಸಂರಕ್ಷಣಾ ವಲಯದಲ್ಲಿ ಇದಕ್ಕೆ ಕಟು ಆಕ್ಷೇಪಗಳೂ ಬಂದಿವೆ. ಕುದುರೆಮುಖ, ನಾಗರಹೊಳೆಗಳ ಒಕ್ಕಲೆಬ್ಬಿಸುವಿಕೆಯ ವಾಗ್ವಾದಗಳನ್ನು ದಶಕಗಳಿಂದ ಕೇಳಿರುವ ಕನ್ನಡಿಗರಿಗೆ ಎರಡೂ ಕಡೆಯ ಮಾತಿನ ಧಾಟಿ ಪರಿಚಿತವೆನಿಸುತ್ತದೆ. ಅಳತೆಗೋಲು ಹಿಡಿದು ನೋಡಿದರೆ ಇಬ್ಬರ ಬಳಿಯೂ ಸತ್ಯವಿದೆ: ಉಳುಮೆ ನಿಂತ ಕಡೆ ಹುಲ್ಲು ಚೇತರಿಸಿಕೊಂಡದ್ದು ನಿಜ, ಹೊಲದಿಂದ ಎದ್ದು ಪೇಟೆಯ ಅಂಚಿಗೆ ಬಂದ ರೈತನ ಕೈಗೆ ಪರಿಹಾರದ ಹಣ ಖರ್ಚಾದ ಮೇಲೆ ಕಸುಬಿಲ್ಲದೆ ಹೋಗುವುದೂ ನಿಜ. ಆದರೆ ಈ ಎರಡು ನಿಜಗಳು ಒಂದೇ ತೂಕದವೆಂದು ಹೇಳುವುದು ಊರು ಬಿಟ್ಟವರ ಮುಂದೆ ಕಷ್ಟ.

ಇಷ್ಟರ ಮೇಲೆ ಯುದ್ಧ ಮತ್ತೆ ಬಂತು. 2020ರ ನವೆಂಬರ್‌ನಿಂದ 2022ರ ನವೆಂಬರ್‌ವರೆಗೆ ಪಕ್ಕದ ತಿಗ್ರೇ ಪ್ರಾಂತದಲ್ಲಿ ನಡೆದ ಯುದ್ಧ 2021ರಲ್ಲಿ ದೆಬಾರ್ಕ್‌ನ ಸಮೀಪಕ್ಕೂ ಬಂದಿತ್ತು; ಅದು ಮುಗಿದು ವರ್ಷ ತುಂಬುವ ಮೊದಲೇ, 2023ರ ಆಗಸ್ಟ್‌ನಲ್ಲಿ, ಅಮ್ಹಾರ ಪ್ರಾಂತದಲ್ಲೇ ಸರ್ಕಾರಿ ಪಡೆಗಳಿಗೂ ಫಾನೊ ಎಂಬ ಸಶಸ್ತ್ರ ಗುಂಪುಗಳಿಗೂ ಕಾದಾಟ ಆರಂಭವಾಯಿತು. ಅನೇಕ ದೇಶಗಳು ಆ ಪ್ರಾಂತಕ್ಕೆ ಹೋಗದಂತೆ ತಮ್ಮ ಪ್ರಜೆಗಳಿಗೆ ಸೂಚನೆ ಕೊಟ್ಟವು. ಆದ್ದರಿಂದ ಚಾರಣಕ್ಕೆ ಹೊರಡುವವರು ಬೂಟು, ಬೆಚ್ಚನೆಯ ಬಟ್ಟೆಗಳಿಗಿಂತ ಮೊದಲು ವಿಚಾರಿಸಬೇಕಾದದ್ದು ಆ ತಿಂಗಳ ಪರಿಸ್ಥಿತಿಯನ್ನು. ಅಡಿಸ್ ಅಬಾಬದ ಭಾರತೀಯ ರಾಯಭಾರ ಕಚೇರಿಯ ಸಲಹೆಯನ್ನೂ ಗೊಂಡರ್‌ನ ರಸ್ತೆ ತೆರೆದಿದೆಯೇ ಎಂಬುದನ್ನೂ ತಿಳಿದುಕೊಳ್ಳದೆ ಟಿಕೆಟ್ ತೆಗೆಯುವುದು ಅವಿವೇಕ. ಪ್ರವಾಸಿಗರು ನಿಂತ ವರ್ಷಗಳಲ್ಲಿ ಹೇಸರಗತ್ತೆಯವರ, ಅಡುಗೆಯವರ, ಮಾರ್ಗದರ್ಶಿಗಳ ಸಂಪಾದನೆ ನಿಂತಿತು, ಕಾವಲು ಸಡಿಲವಾಯಿತು, ಏರುತ್ತ ಬಂದಿದ್ದ ವಾಲಿಯದ ಎಣಿಕೆ ಮತ್ತೆ ಕೆಳಮುಖವಾಯಿತು. ಗೋಡೆಗೆ ಅಂಟಿಕೊಂಡ ಪ್ರಾಣಿಯನ್ನು ಎಣಿಸುವ ಕ್ರಮ ಮಾತ್ರ ಹಳೆಯದೇ: ನಸುಕಿನಲ್ಲಿ ಸ್ಕೌಟ್‌ಗಳು ದೂರದರ್ಶಕ ಹಿಡಿದು ಅಂಚಿನ ಉದ್ದಕ್ಕೂ ತಮತಮಗೆ ಗೊತ್ತುಮಾಡಿದ ಜಾಗಗಳಲ್ಲಿ ಹೊಟ್ಟೆಯ ಮೇಲೆ ಮಲಗುತ್ತಾರೆ, ಬಿಸಿಲು ಬಂಡೆಯ ಕಟ್ಟೆಗಳಿಗೆ ಇಳಿಯುವುದನ್ನು ಕಾಯುತ್ತಾರೆ, ಕಂಡ ಕೊಂಬುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಾರೆ.